ಗೆದ್ದವರಿಗೂ ಗಡಿ: ಮಾಟುಂಗದ ಕನ್ನಡ ಸಂವಿಧಾನ ತರಗತಿಯ ವಿಮರ್ಶೆ

ಮಾಟುಂಗ ಪೂರ್ವದ ಬಾಡಿಗೆ ಸಭಾಂಗಣವೊಂದರಲ್ಲಿ ಇಲ್ಲಿನ ಕನ್ನಡಿಗರ ಪುಟ್ಟ ಬಳಗವೊಂದು ಒಂದು ತಿಂಗಳ ಸಂವಿಧಾನ ತರಗತಿಯನ್ನು ನಡೆಸುತ್ತಿದೆ. ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ಪಾಠ, ನಡುವೆ ಕಾಫಿ, ಕೊನೆಗೆ ಕೆಲಸದ ದಿನವೊಂದರಂದು ಬಾಂಬೆ ಹೈಕೋರ್ಟಿಗೆ ಭೇಟಿ. ಇಷ್ಟಕ್ಕೆ ಶುಲ್ಕ 600 ರೂಪಾಯಿ, ವಿದ್ಯಾರ್ಥಿಗಳಿಗೆ ಅದರ ಅರ್ಧ. ಪಾಠ ಮಾಡುವವರು ಮುಂಬಯಿಯ ನ್ಯಾಯಾಲಯಗಳಲ್ಲಿ ದೀರ್ಘಕಾಲ ಕೆಲಸ ಮಾಡಿ ನಿವೃತ್ತರಾದ, ಸಿರ್ಸಿ ಕಡೆಯ ವಕೀಲರೊಬ್ಬರು. ಹಣಕ್ಕೂ ಸಮಯಕ್ಕೂ ಇದು ತಕ್ಕುದೇ ಎಂದು ಕೇಳುವವರಿಗೆ ಹೌದು ಎಂದೇ ಹೇಳುತ್ತೇನೆ. ಆದರೆ ಕೆಲವು ತಕರಾರುಗಳಿವೆ, ಅವು ಸಣ್ಣವೂ ಅಲ್ಲ.

ಸಂವಿಧಾನದ ಹೆಸರಿನ ಕಾರ್ಯಕ್ರಮಗಳಿಗೆ ಈಗ ಬರವಿಲ್ಲ. ನವೆಂಬರ್ 26 ಬಂತೆಂದರೆ ಭಾವಚಿತ್ರಕ್ಕೆ ಹಾರ ಹಾಕಿ, ಪ್ರಸ್ತಾವನೆಯನ್ನು ಒಕ್ಕೊರಲಿನಿಂದ ಓದಿಸಿ, ಹಕ್ಕು ಮತ್ತು ಕರ್ತವ್ಯಗಳ ಪಟ್ಟಿಯನ್ನು ಒಪ್ಪಿಸಿ ಮುಗಿಸುವ ಸಭೆಗಳು ಈ ನಗರದಲ್ಲೇ ಎಷ್ಟೋ ನಡೆಯುತ್ತವೆ. ಅಂಥ ಸಭೆಗಳಿಂದ ಹೊರಬಂದವರಿಗೆ ಸಂವಿಧಾನವೆಂದರೆ ಗೌರವಿಸಬೇಕಾದ ಒಂದು ಗ್ರಂಥ ಎಂಬುದು ಮನದಟ್ಟಾಗುತ್ತದೆಯೇ ಹೊರತು ಅದು ಯಾರ ಕೈಯನ್ನು ಎಲ್ಲಿ ಕಟ್ಟುತ್ತದೆ ಎಂಬುದು ತಿಳಿಯುವುದಿಲ್ಲ. ಈ ತರಗತಿ ಶುರುವಾಗುವುದೇ ಕೈಕಟ್ಟುವ ಪ್ರಶ್ನೆಯಿಂದ. ಮೊದಲ ದಿನ ವಕೀಲರು ಹಲಗೆಯ ಮೇಲೆ ಬರೆದದ್ದು ಎರಡೇ ಸಂಖ್ಯೆ: 518 ಮತ್ತು 352. 1971ರ ಲೋಕಸಭಾ ಚುನಾವಣೆಯಲ್ಲಿ 518 ಸ್ಥಾನಗಳ ಪೈಕಿ 352ನ್ನು ಇಂದಿರಾ ಗಾಂಧಿಯವರ ಪಕ್ಷ ಗೆದ್ದುಕೊಂಡಿತ್ತು. ಬಡತನ ತೊಲಗಿಸುವ ಭರವಸೆಯನ್ನು ನಂಬಿ ಜನ ಮನಸಾರೆ ಕೊಟ್ಟ ಬಹುಮತ ಅದು. ಇಷ್ಟು ಜನ ಒಪ್ಪಿ ಕೂರಿಸಿದ ಸರ್ಕಾರಕ್ಕೆ ‘ಇದನ್ನು ನೀವು ಮಾಡುವಂತಿಲ್ಲ’ ಎಂದು ಹೇಳುವ ಅಧಿಕಾರ ಯಾರಿಗಿದೆ, ಏಕಿರಬೇಕು ಎಂದು ಅವರು ಕೇಳಿದರು. ಸರ್ವಾಧಿಕಾರಿಗೆ ಲಗಾಮು ಬೇಕೆಂದು ಯಾರಾದರೂ ಒಪ್ಪುತ್ತಾರೆ. ಜನಪ್ರಿಯರಿಗೆ, ಸದುದ್ದೇಶದವರಿಗೆ, ನಾವೇ ಮತ ಹಾಕಿ ಗೆಲ್ಲಿಸಿದವರಿಗೆ ಅದು ಏಕೆ ಬೇಕು ಎಂಬುದನ್ನು ವಿವರಿಸುವುದೇ ಕಷ್ಟ, ಮತ್ತು ತರಗತಿ ತನ್ನ ಬಹುಪಾಲು ಸಮಯವನ್ನು ಈ ಕಷ್ಟದ ಕೆಲಸಕ್ಕೇ ಮೀಸಲಿಟ್ಟಿರುವುದು ನನಗೆ ಮೆಚ್ಚುಗೆಯಾಯಿತು.

ಉತ್ತರವನ್ನು ಅವರು ಕಟ್ಟುವ ಬಗೆ ಇನ್ನೂ ಮೆಚ್ಚುವಂಥದು. ಸಿದ್ಧಾಂತದ ಮಾತನ್ನು ಆದಷ್ಟು ಹಿಂದಿಟ್ಟು, ಕನ್ನಡ ನೆಲದಿಂದ ಹೊರಟು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೊಕದ್ದಮೆಗಳ ಮೂಲಕವೇ ಅಧಿಕಾರದ ಮಿತಿಯ ಕಥೆಯನ್ನು ಹೇಳುತ್ತಾರೆ. ಮೊದಲನೆಯದು ಸಹಜವಾಗಿಯೇ ಕಾಸರಗೋಡಿನ ಎಡನೀರು ಮಠದ್ದು. ನನ್ನ ಬೆಂಚಿನಲ್ಲಿದ್ದ ಇಬ್ಬರಿಗೆ ಕೇಶವಾನಂದ ಭಾರತೀ ಸ್ವಾಮೀಜಿ ಗೊತ್ತಿದ್ದದ್ದು ಯಕ್ಷಗಾನದ ಪೋಷಕರಾಗಿ. ಕಾನೂನು ಓದುವ ಪ್ರತಿ ವಿದ್ಯಾರ್ಥಿಯೂ ಅವರ ಹೆಸರನ್ನು ಬಾಯಿಪಾಠ ಮಾಡುತ್ತಾನೆಂಬುದು ಅವರಿಗೆ ಅಲ್ಲೇ ತಿಳಿದದ್ದು. ಮಠದ ಜಮೀನಿನ ಮೇಲೆ ಕೇರಳದ ಭೂಸುಧಾರಣಾ ಕಾಯ್ದೆಯ ಕೈ ಬಿದ್ದಾಗ ಸ್ವಾಮೀಜಿ 1970ರಲ್ಲಿ ಅರ್ಜಿ ಹಾಕಿದರು. ಅರ್ಜಿ ವಿಚಾರಣೆಗೆ ಬರುವ ಮೊದಲೇ ಸಂಸತ್ತು 24, 25 ಮತ್ತು 29ನೇ ತಿದ್ದುಪಡಿಗಳನ್ನು ತಂದು, ಸಂವಿಧಾನದ ಯಾವ ಭಾಗವನ್ನಾದರೂ ತಾನು ತಿದ್ದಬಲ್ಲೆನೆಂದು ಸಾರಿತು. ಜಮೀನಿನ ವ್ಯಾಜ್ಯ ಹೀಗೆ ಗಣರಾಜ್ಯದ ಬುಡದ ಪ್ರಶ್ನೆಯಾಗಿ ಬೆಳೆಯಿತು. ಮುಂಬಯಿಯ ವಕೀಲ ನಾನಿ ಪಾಲ್ಖಿವಾಲಾ ಅರ್ಜಿದಾರರ ಪರ ನಿಂತರು. 13 ನ್ಯಾಯಮೂರ್ತಿಗಳ ಪೀಠದ ಮುಂದೆ 68 ದಿನ ವಾದ ನಡೆದು, 1973ರ ಏಪ್ರಿಲ್ 24ರಂದು ತೀರ್ಪು ಹೊರಬಿತ್ತು: ಸಂಸತ್ತು ಸಂವಿಧಾನದ ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಸ್ವಾಮೀಜಿಗೆ ಜಮೀನು ದಕ್ಕಲಿಲ್ಲ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ವಕೀಲರು ಮಾರನೆಯ ದಿನಕ್ಕೆ ಹೋದರು. ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತರಾಗುತ್ತಿದ್ದಂತೆ ಸರ್ಕಾರವು ಸೇವಾ ಹಿರಿತನದಲ್ಲಿ ಮುಂದಿದ್ದ ಮೂವರನ್ನು ಬದಿಗೆ ಸರಿಸಿ, ಅಲ್ಪಮತದ ಕಡೆ ಇದ್ದ ಎ.ಎನ್. ರೇ ಅವರನ್ನು ಆ ಸ್ಥಾನಕ್ಕೆ ತಂದಿತು. ಹಾಗೆ ಬದಿಗೆ ಸರಿದವರಲ್ಲಿ ಒಬ್ಬರು ನಮ್ಮ ದಕ್ಷಿಣ ಕನ್ನಡದ ಕೌಡೂರು ಸದಾನಂದ ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರರಾದರು ಎಂಬುದು ಬೇರೆ ಮಾತು. 1975ರ ನವೆಂಬರಿನಲ್ಲಿ ತುರ್ತುಪರಿಸ್ಥಿತಿಯ ನಡುವೆಯೇ ರೇ ಅವರು ಮತ್ತೆ 13 ಮಂದಿಯ ಪೀಠ ಕಟ್ಟಿ ಹಳೆಯ ತೀರ್ಪನ್ನು ಮರುಪರಿಶೀಲಿಸಲು ಹೊರಟರು; ಪಾಲ್ಖಿವಾಲಾ ಎದ್ದು ನಿಂತು ವಾದಿಸಿದ ಕೆಲವೇ ದಿನಗಳಲ್ಲಿ ಆ ಪೀಠ ವಿಸರ್ಜನೆಯಾಯಿತು. ಇದೇ ಪಾಲ್ಖಿವಾಲಾ ಅದೇ ವರ್ಷದ ಜೂನ್‌ನಲ್ಲಿ ಇಂದಿರಾ ಗಾಂಧಿಯವರ ವಕೀಲರಾಗಿದ್ದು, ತುರ್ತುಪರಿಸ್ಥಿತಿ ಘೋಷಣೆಯಾದ ಕೂಡಲೇ ಅವರ ಮೊಕದ್ದಮೆಯನ್ನು ಹಿಂದಿರುಗಿಸಿದವರು. ಕಾಗದದ ಮೇಲೆ ಬರೆದ ಮಿತಿ ತಾನಾಗಿ ಕೆಲಸ ಮಾಡುವುದಿಲ್ಲ, ಅದನ್ನು ಹಿಡಿದು ನಿಲ್ಲುವವರು ಬೆಲೆ ತೆರಬೇಕಾಗುತ್ತದೆ ಎಂಬುದು ಈ ಪಾಠದಿಂದ ತಾನಾಗಿಯೇ ಹೊಮ್ಮಿತು. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ತರಗತಿಯ ಅತ್ಯುತ್ತಮ ಅರ್ಧ ಗಂಟೆ ಬಂದದ್ದು ಮಾತ್ರ ಪಠ್ಯದಲ್ಲಿಲ್ಲದ ಜಾಗದಲ್ಲಿ. ಫೋರ್ಟಿನ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುವ ಹಿರಿಯರೊಬ್ಬರು ಎದ್ದು ನಿಂತರು.

“ಸರ್, ಇದೆಲ್ಲ ದೊಡ್ಡವರ ಸಂಗತಿ ಆಯ್ತು. ನಮ್ಮ ಹೋಟೆಲಿನ ಕ್ಲೀನರ್ ಹುಡುಗನನ್ನು ಒಮ್ಮೆ ಸಂಶಯದ ಮೇಲೆ ಹಿಡಿದುಕೊಂಡು ಹೋದರು. ಎರಡು ದಿನ ಠಾಣೆಯಲ್ಲೇ ಕೂರಿಸಿದರು. ಅವನಿಗೆ ಈ ಸಂವಿಧಾನದಿಂದ ಬಂದದ್ದು ಏನು?”

“ಶೆಟ್ರೇ, 22ನೇ ವಿಧಿ ತೆಗೆಯಿರಿ. ನೀವೇ ಓದಿ, ಎಲ್ಲರಿಗೂ ಕೇಳುವ ಹಾಗೆ.”

ಶೆಟ್ಟರು ಕನ್ನಡಕ ಹಾಕಿಕೊಂಡು, ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಬಂಧಿತನಿಗೆ ಕಾರಣ ತಿಳಿಸಬೇಕು, ತನಗೆ ಬೇಕಾದ ವಕೀಲನನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಓದಿ ಮುಗಿಸಿದ ಮೇಲೆ ವಕೀಲರು, ಆಗ ನೀವು ಯಾರ ಹತ್ತಿರ ಹೋದಿರಿ ಎಂದು ಕೇಳಿದರು. “ನಮ್ಮ ಪರಿಚಯದ ಒಬ್ಬ ಕಾರ್ಪೊರೇಟರ ಹತ್ತಿರ ಸರ್. ಅವರು ಫೋನ್ ಮಾಡಿದ ಮೇಲೆ ಬಿಟ್ಟರು” ಎಂದಾಗ ತರಗತಿಯಲ್ಲಿ ನಗು ಎದ್ದಿತು. ವಕೀಲರು ನಗಲಿಲ್ಲ. ಕಾರ್ಪೊರೇಟರ ಫೋನಿನಿಂದ ಬಿಡುಗಡೆಯಾದವನು ಆ ಕಾರ್ಪೊರೇಟರ ಋಣದಲ್ಲಿ ಬೀಳುತ್ತಾನೆ, ಮುಂದಿನ ಸಲ ಫೋನ್ ಮಾಡದಿದ್ದರೆ ಒಳಗೇ ಇರುತ್ತಾನೆ. 22ನೇ ವಿಧಿಯ ಪ್ರಕಾರ ಹೊರಬರುವವನಿಗೆ ಯಾರ ಹಂಗೂ ಇಲ್ಲ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು ಪೊಲೀಸರು ಮಾಡುವ ಉಪಕಾರವಲ್ಲ ಎಂದು ವಿವರಿಸಿದರು. ಬಳಿಕ ಹೈಕೋರ್ಟಿನ ಮೊರೆ ಹೋಗುವ 226ನೇ ವಿಧಿಗೆ ಬಂದು, ಬಂಧಿತನನ್ನು ತನ್ನ ಮುಂದೆ ತರಿಸುವಂತೆ ನ್ಯಾಯಾಲಯವನ್ನು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಅವನ ಪರವಾಗಿ ನೆಂಟರಾಗಲಿ ಗೆಳೆಯರಾಗಲಿ ಹಾಕಬಹುದೆಂದು ತೋರಿಸಿದರು. ಊರು ಬಿಟ್ಟು ಬಂದು, ಇನ್ನೊಬ್ಬರ ಶಿಫಾರಸಿನಿಂದಲೇ ಖೋಲಿ, ಕೆಲಸ, ರೇಷನ್ ಕಾರ್ಡು ಎಲ್ಲವನ್ನೂ ಗಿಟ್ಟಿಸಿಕೊಂಡ ನಮ್ಮವರಿಗೆ ಶಿಫಾರಸಿಗೂ ಹಕ್ಕಿಗೂ ಇರುವ ಅಂತರವನ್ನು ಇದಕ್ಕಿಂತ ಹತ್ತಿರದಿಂದ ತೋರಿಸುವುದು ಸಾಧ್ಯವಿಲ್ಲ.

ಇನ್ನೆರಡು ಮೊಕದ್ದಮೆಗಳ ಪಾಠವೂ ಚೆನ್ನಾಗಿತ್ತು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ಬಹುಮತ ಕಳೆದುಕೊಂಡಿದೆಯೆಂದು 19 ಶಾಸಕರ ಪತ್ರಗಳನ್ನು ನೆಚ್ಚಿ ರಾಜ್ಯಪಾಲರು ವರದಿ ಕಳಿಸಿದರು. ಅವರಲ್ಲಿ ಏಳು ಮಂದಿ ಆ ಪತ್ರದಿಂದ ಹಿಂದೆ ಸರಿದರೂ, ಸದನದಲ್ಲೇ ಬಲ ತೋರಿಸುತ್ತೇನೆಂದು ಮುಖ್ಯಮಂತ್ರಿ ಕೇಳಿಕೊಂಡರೂ ಅವಕಾಶ ಸಿಗದೆ ರಾಷ್ಟ್ರಪತಿ ಆಳ್ವಿಕೆ ಬಂತು. ಒಂಬತ್ತು ನ್ಯಾಯಮೂರ್ತಿಗಳು 1994ರ ಮಾರ್ಚ್ 11ರಂದು ಕೊಟ್ಟ ತೀರ್ಪು ಬಹುಮತವನ್ನು ಅಳೆಯುವ ಜಾಗ ವಿಧಾನಸಭೆಯೇ ಹೊರತು ರಾಜಭವನವಲ್ಲ ಎಂದಿತು, 356ನೇ ವಿಧಿಯ ಬಳಕೆಯನ್ನು ನ್ಯಾಯಾಲಯ ಪರಿಶೀಲಿಸಬಹುದೆಂದೂ ಹೇಳಿತು. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಬರಲಿಲ್ಲ, ಆದರೆ ಆಮೇಲಿನ ಮುಖ್ಯಮಂತ್ರಿಗಳ ಪಾಲಿಗೆ ಅದು ರಕ್ಷೆಯಾಯಿತು. ಬೆಂಗಳೂರಿನ ಬಟ್ಟೆ ಗಿರಣಿಯಾದ ಮಿನರ್ವಾ ಮಿಲ್ಸ್‌ನ ಮೊಕದ್ದಮೆಯ ತಿರುಳನ್ನು ಒಂದೇ ವಾಕ್ಯದಲ್ಲಿ ಹಿಡಿದುಕೊಟ್ಟರು: ಮಿತಿಯುಳ್ಳ ಅಧಿಕಾರವನ್ನು ಪಡೆದವರು ಅದೇ ಅಧಿಕಾರವನ್ನು ಬಳಸಿ ತಮ್ಮ ಮಿತಿಯನ್ನು ತೆಗೆದುಹಾಕಿಕೊಳ್ಳುವಂತಿಲ್ಲ ಎಂದು 1980ರಲ್ಲಿ ನ್ಯಾಯಾಲಯ ಹೇಳಿತು. ಮಠ, ಗಿರಣಿ, ಮುಖ್ಯಮಂತ್ರಿ: ಮೂರಕ್ಕೂ ಒಂದಕ್ಕೊಂದು ನಂಟಿಲ್ಲ, ಮೂವರಿಗೂ ಇದ್ದದ್ದು ಅವರವರ ಸ್ವಂತ ಚಿಂತೆ. ದೇಶದ ಹಿತಕ್ಕಾಗಿ ಹೊರಟವರು ಇವರಾರೂ ಅಲ್ಲ ಎಂಬ ಸಂಗತಿಯನ್ನು ಮರೆಮಾಚದೆ ಹೇಳಿದ್ದು ಪಾಠದ ಪ್ರಾಮಾಣಿಕತೆ.

ಈಗ ತಕರಾರು. ಪಾಠದುದ್ದಕ್ಕೂ ನ್ಯಾಯಾಲಯವೇ ನಾಯಕ. ನಾಯಕ ಸೋತ ಅಧ್ಯಾಯಕ್ಕೆ ಕಾಫಿಗೆ ಮುಂಚಿನ ಹತ್ತು ನಿಮಿಷ ಮಾತ್ರ ಸಿಕ್ಕಿತು. ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಬಂಧಿತರಾದವರು ಹೇಬಿಯಸ್ ಕಾರ್ಪಸ್ ಕೇಳಬಹುದೇ ಎಂಬ ಪ್ರಶ್ನೆಗೆ ಹಲವು ಹೈಕೋರ್ಟುಗಳು ಹೌದೆಂದಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಜಬಲ್‌ಪುರ ಪ್ರಕರಣದಲ್ಲಿ ಇಲ್ಲವೆಂದಿತು. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು, ಮುಂದಿನ ವರ್ಷ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರ ಕೈತಪ್ಪಿತು. ಇಲ್ಲವೆಂದ ನಾಲ್ವರಲ್ಲಿ ವೈ.ವಿ. ಚಂದ್ರಚೂಡ್ ಮತ್ತು ಪಿ.ಎನ್. ಭಗವತಿ ಇಬ್ಬರೂ ಇದೇ ಬಾಂಬೆ ಹೈಕೋರ್ಟಿನಲ್ಲಿ ವಕೀಲಿ ಮಾಡಿದವರು. ಅದೇ ದಿನಗಳಲ್ಲಿ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಅಸ್ತಮಾದಿಂದ ನರಳುತ್ತಿದ್ದರು. ಬಿಡುಗಡೆಯಾಗಿ ಹೊರಬಂದ ಸ್ವಲ್ಪ ಸಮಯಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. ಮುಂಬಯಿಯ ಕಾರ್ಮಿಕರ ನಾಯಕ, ಮಂಗಳೂರಿನ ಜಾರ್ಜ್ ಫರ್ನಾಂಡಿಸರೂ ಜೈಲು ಸೇರಿದ್ದರು. ಕನ್ನಡದ ಕಥೆಗಳ ಮೂಲಕವೇ ಪಾಠ ಮಾಡುವವರು ಈ ಕಥೆಗಳನ್ನು ಏಕೆ ಬಿಟ್ಟರೋ ತಿಳಿಯದು. ಮಿತಿ ಏಕೆ ಬೇಕೆಂದು ತಿಳಿಯಲು ಮಿತಿ ಕೈಕೊಟ್ಟ ದಿನಗಳನ್ನೂ ಅಷ್ಟೇ ಹತ್ತಿರದಿಂದ ನೋಡಬೇಕು. ಆ ಅನುಭವದಿಂದಲೇ 1978ರಲ್ಲಿ 44ನೇ ತಿದ್ದುಪಡಿ ಬಂದು, ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಕಾರಣವನ್ನು ತೆಗೆದು ‘ಸಶಸ್ತ್ರ ಬಂಡಾಯ’ ಎಂದು ಬಿಗಿಗೊಳಿಸಿತು, ತುರ್ತುಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಮುಟ್ಟದಂತೆ ಮಾಡಿತು. ಸಂವಿಧಾನವನ್ನು ತಿದ್ದುವುದೇ ತಪ್ಪೆಂಬ ಭಾವನೆ ತರಗತಿಯಲ್ಲಿ ಕೆಲವರಿಗೆ ಉಳಿದುಹೋಗಿತ್ತು. ಈ ಒಂದು ತಿದ್ದುಪಡಿಯನ್ನು ವಿವರಿಸಿದ್ದರೆ ಅದು ಹೋಗುತ್ತಿತ್ತು. ಜಬಲ್‌ಪುರದ ತೀರ್ಪನ್ನು ಸುಪ್ರೀಂ ಕೋರ್ಟು ಸ್ಪಷ್ಟ ಮಾತಿನಲ್ಲಿ ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ. ಅಲ್ಲಿ ಹಾಗೆ ಬರೆದವರು ಹಿರಿಯ ಚಂದ್ರಚೂಡರ ಮಗ. ಇಷ್ಟು ಒಳ್ಳೆಯ ಕಥೆಯನ್ನು ಹತ್ತು ನಿಮಿಷದಲ್ಲಿ ಮುಗಿಸುವುದು ಅನ್ಯಾಯ.

ಎರಡನೆಯ ತಕರಾರು ಇನ್ನೂ ಮನೆಹತ್ತಿರದ್ದು. ಮುಂಬಯಿ ಮಹಾನಗರಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವ ಮುನ್ನವೇ ಚುನಾವಣೆ ಆಗಬೇಕು ಎಂದು 243-ಯು ವಿಧಿ ಹೇಳುತ್ತದೆ. ಹಾಗಿದ್ದೂ ದೇಶದ ಅತಿ ಶ್ರೀಮಂತ ಪಾಲಿಕೆಯನ್ನು ಮೂರು ವರ್ಷಕ್ಕೂ ಹೆಚ್ಚು ಕಾಲ ಆಯುಕ್ತರೇ ಆಡಳಿತಾಧಿಕಾರಿಯಾಗಿ ನಡೆಸಿದರು. ಮೀಸಲಾತಿ ಮತ್ತು ವಾರ್ಡುಗಳ ಕುರಿತ ವ್ಯಾಜ್ಯಗಳು ನ್ಯಾಯಾಲಯದಲ್ಲಿದ್ದವು. ಕಾರಣ ಏನೇ ಇರಲಿ, ಬಜೆಟ್ಟಿಗೆ ಒಪ್ಪಿಗೆ ಕೊಡುವವರೂ ಖರ್ಚು ಮಾಡುವವರೂ ಒಬ್ಬರೇ ಆದರು. ಅಧಿಕಾರವನ್ನು ಹಂಚಿಡಬೇಕಾದದ್ದು ಏಕೆ ಎಂಬುದಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ಎಲ್ಲಿದೆ? ಸಭಾಂಗಣದಲ್ಲಿ ಕೂತಿದ್ದ ಪ್ರತಿಯೊಬ್ಬರೂ ಪಾಲಿಕೆಯ ನೀರು ಕುಡಿಯುವವರು, ಅದರ ರಸ್ತೆಯಲ್ಲಿ ನಡೆದು ಬಂದವರು. ಆದರೂ ಇಡೀ ತಿಂಗಳಿನಲ್ಲಿ ಈ ವಿಷಯ ಒಮ್ಮೆಯೂ ಬರಲಿಲ್ಲ. ಮುಂಬಯಿಯ ಪಾಲಿಗೆ ಬಂದದ್ದು 1985ರ ಓಲ್ಗಾ ಟೆಲ್ಲಿಸ್ ಪ್ರಕರಣ ಮಾತ್ರ. 1981ರ ಮಳೆಗಾಲದಲ್ಲಿ ಫುಟ್‌ಪಾತ್ ವಾಸಿಗಳನ್ನು ಎಬ್ಬಿಸಿ ಊರಿಗೆ ಅಟ್ಟಲು ಹೊರಟ ಸರ್ಕಾರದ ವಿರುದ್ಧ ಹೂಡಿದ ಆ ಮೊಕದ್ದಮೆಯಲ್ಲಿ, ಬದುಕುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆಯೆಂದು ಸುಪ್ರೀಂ ಕೋರ್ಟು ಹೇಳಿತು. ಮಳೆಗಾಲ ಕಳೆದ ಮೇಲೆ ಎಬ್ಬಿಸಬಹುದೆಂದೂ ಅದೇ ತೀರ್ಪು ಹೇಳಿತು. ಈ ಎರಡನೆಯ ಭಾಗವನ್ನು ವಕೀಲರು ಮುಚ್ಚಿಡಲಿಲ್ಲ.

ವಿದೇಶಗಳ ಕುರಿತ ಪಾಠ ಅವಸರದ್ದು. ಜರ್ಮನಿಯಲ್ಲಿ 1933ರ ಮಾರ್ಚ್ 23ರಂದು ಸಂಸತ್ತೇ ಮತ ಹಾಕಿ ತನ್ನ ಶಾಸನಾಧಿಕಾರವನ್ನು ಹಿಟ್ಲರನ ಸರ್ಕಾರಕ್ಕೆ ಒಪ್ಪಿಸಿದ್ದನ್ನು, ಆ ಪೆಟ್ಟಿನಿಂದ ಎಚ್ಚೆತ್ತು 1949ರ ಮೂಲ ಕಾನೂನಿನಲ್ಲಿ ಕೆಲವು ತತ್ವಗಳನ್ನು ತಿದ್ದಲಾಗದಂತೆ ಭದ್ರಪಡಿಸಿದ್ದನ್ನು ಹೇಳಿ ಮುಂದೆ ಹೋದರು. ಒಂದೇ ಗ್ರಂಥದಲ್ಲಿ ಬರೆದಿಟ್ಟ ಸಂವಿಧಾನವಿಲ್ಲದ ಬ್ರಿಟನ್ ಹೇಗೆ ನಡೆಯುತ್ತದೆ ಎಂದು ಕಾಲೇಜು ಹುಡುಗಿಯೊಬ್ಬಳು ಕೇಳಿದ ಒಳ್ಳೆಯ ಪ್ರಶ್ನೆಗೆ ಸಮಯ ಸಾಲಲಿಲ್ಲ. 1689ರ ಹಕ್ಕುಗಳ ಶಾಸನ, ಸಂಪ್ರದಾಯಗಳು, 2019ರಲ್ಲಿ ಸಂಸತ್ತಿನ ಅಧಿವೇಶನ ಸ್ಥಗಿತಗೊಳಿಸಿದ ಪ್ರಧಾನಿಯ ಕ್ರಮವನ್ನು ಅಲ್ಲಿನ ಸುಪ್ರೀಂ ಕೋರ್ಟು ರದ್ದುಗೊಳಿಸಿದ ರೀತಿ, ಇಷ್ಟನ್ನಾದರೂ ಹೇಳಬಹುದಿತ್ತು.

ಶುಲ್ಕದಲ್ಲೇ ಕೊಡುವ ಕಿರುಹೊತ್ತಗೆ ಜೆರಾಕ್ಸ್ ಪ್ರತಿ. ಅಕ್ಷರ ಸಣ್ಣದು, ಅಡಿಟಿಪ್ಪಣಿಗಳು ಕೆಲವೆಡೆ ಮಸುಕು. ವಿಧಿಗಳ ಕನ್ನಡ ಪಠ್ಯ ಸರಿಯಾಗಿದೆ, ಪ್ರತಿ ಮೊಕದ್ದಮೆಗೂ ಒಂದು ಪುಟದ ಟಿಪ್ಪಣಿ ಉಪಯುಕ್ತವಾಗಿದೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಹಲವರಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅವರಿಗಾಗಿ ಟಿಪ್ಪಣಿಗಳನ್ನಾದರೂ ಓದಿ ಧ್ವನಿಮುದ್ರಿಸಿ ಕೊಟ್ಟರೆ ತರಗತಿಯ ಅರ್ಧದಷ್ಟಿರುವ ಆ ತಲೆಮಾರಿಗೆ ಉಪಕಾರವಾದೀತು. ಕಾಫಿ ಚೆನ್ನಾಗಿತ್ತು, ಮಾಟುಂಗದಲ್ಲಿ ಅದು ಕೆಡುವುದು ಅಪರೂಪ.

ಹೈಕೋರ್ಟಿನ ಭೇಟಿಯನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳಬಾರದು. 1878ರಲ್ಲಿ ಪೂರ್ಣಗೊಂಡ ಆ ಕಪ್ಪುಗಲ್ಲಿನ ಕಟ್ಟಡದಲ್ಲಿ, 1908ರಲ್ಲಿ ತಿಲಕರಿಗೆ ರಾಜದ್ರೋಹಕ್ಕಾಗಿ ಆರು ವರ್ಷದ ಗಡೀಪಾರು ವಿಧಿಸಿದ ಕೋಣೆಯಿದೆ. ಹೊರಗೆ ಅವರ ಮಾತನ್ನು ಕೆತ್ತಿದ ಫಲಕವಿದೆ. ಬರೆದದ್ದಕ್ಕೆ ಶಿಕ್ಷೆ ಕೊಟ್ಟ ಅದೇ ಕಟ್ಟಡದಲ್ಲಿ ಈಗ ಸರ್ಕಾರದ ವಿರುದ್ಧ ರಿಟ್ ಅರ್ಜಿಗಳು ಸಾಲಾಗಿ ನಡೆಯುತ್ತವೆ. ನಾವು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾಗ ಪರವಾನಗಿ ರದ್ದತಿಯ ಸಣ್ಣ ಪ್ರಕರಣವೊಂದು ಬಂತು. ಇಲಾಖೆಗೆ ಹಾಗೆ ಮಾಡುವ ಅಧಿಕಾರವಿದೆ ಎಂದು ಸರ್ಕಾರಿ ವಕೀಲರು ಹೇಳುತ್ತಿದ್ದಂತೆ, ಯಾವ ಕಲಮಿನ ಕೆಳಗೆ ಎಂದು ನ್ಯಾಯಮೂರ್ತಿಗಳು ಕೇಳಿದರು. ವಕೀಲರು ಕಡತ ತಿರುವಿದರು, ಹಿಂದೆ ನಿಂತಿದ್ದ ಗುಮಾಸ್ತನತ್ತ ನೋಡಿದರು, ಕೊನೆಗೆ ಒಂದು ವಾರದ ಸಮಯ ಕೇಳಿದರು. ಅಲ್ಲಿಯವರೆಗೆ ಅಂಗಡಿ ತೆರೆದಿರಲಿ ಎಂದು ಆದೇಶವಾಯಿತು. ಎಲ್ಲ ಸೇರಿ ನಾಲ್ಕು ನಿಮಿಷವೂ ಹಿಡಿಯಲಿಲ್ಲ.

ಬಳಗದವರಿಗೆ ನನ್ನದೊಂದು ಸಲಹೆಯಿದೆ. ಹೈಕೋರ್ಟಿಗೆ ಕರೆದೊಯ್ಯುವವರು ಮಾಟುಂಗದಿಂದ ಕಾಲ್ನಡಿಗೆಯ ದೂರದಲ್ಲಿರುವ, ದಾದರ್ ಹಿಂದೂ ಕಾಲನಿಯಲ್ಲಿನ ಅಂಬೇಡ್ಕರರ ಮನೆ ರಾಜಗೃಹಕ್ಕೂ ಒಂದು ಭಾನುವಾರ ಹೋಗಬಹುದು. ಸಂವಿಧಾನ ಸಭೆಗೆ ಬಂಗಾಳದಿಂದ ಆರಿಸಿ ಹೋಗಿದ್ದ ಅಂಬೇಡ್ಕರರು ದೇಶ ವಿಭಜನೆಯಿಂದ ಆ ಸ್ಥಾನ ಕಳೆದುಕೊಂಡು, 1947ರ ಜುಲೈಯಲ್ಲಿ ಬಾಂಬೆ ಪ್ರಾಂತ್ಯದಿಂದಲೇ ಮತ್ತೆ ಆಯ್ಕೆಯಾದವರು. 1949ರ ನವೆಂಬರ್ 25ರ ಅವರ ಭಾಷಣದಲ್ಲಿ, ಎಷ್ಟೇ ದೊಡ್ಡ ನಾಯಕನಾಗಲಿ ಅವನ ಪಾದದಡಿ ನಮ್ಮ ಸ್ವಾತಂತ್ರ್ಯವನ್ನು ಇಡಬಾರದು, ರಾಜಕೀಯದಲ್ಲಿ ಭಕ್ತಿಯು ಸರ್ವಾಧಿಕಾರದ ಕಡೆಗೆ ಒಯ್ಯುತ್ತದೆ ಎಂಬ ಎಚ್ಚರಿಕೆಯಿದೆ. 352 ಎಂದು ಹಲಗೆಯ ಮೇಲೆ ಬರೆದು ಎತ್ತಿದ ಪ್ರಶ್ನೆಗೆ 22 ವರ್ಷ ಮೊದಲೇ ಸಿಕ್ಕಿದ್ದ ಉತ್ತರ ಅದು, ಮತ್ತು ಆ ಭಾಷಣದ ಒಂದು ಪುಟವೂ ಕಿರುಹೊತ್ತಗೆಯಲ್ಲಿಲ್ಲ.

ಕಾನೂನು ಓದಿದವರಿಗೆ ಇಲ್ಲಿ ಹೊಸದು ಕಡಿಮೆ. ಅಂಗಡಿ, ಹೋಟೆಲು, ಬ್ಯಾಂಕು, ಕಾಲೇಜುಗಳಿಂದ ಬರುವವರು ಧೈರ್ಯವಾಗಿ ಸೇರಬಹುದು. ಪ್ರಶ್ನೆ ಕೇಳಿದಷ್ಟೂ ಪಾಠ ಚೆನ್ನಾಗಿ ನಡೆಯುತ್ತದೆ, ಸುಮ್ಮನೆ ಕುಳಿತ ದಿನ ಅದು ಸಪ್ಪೆಯಾಗುತ್ತದೆ. ಹೆಸರು ನೋಂದಾಯಿಸುವಾಗಲೇ ಕಿರುಹೊತ್ತಗೆಯ ಸ್ಪಷ್ಟ ಪ್ರತಿ ಕೇಳಿ ಪಡೆಯಿರಿ, ಹೈಕೋರ್ಟಿನ ಭೇಟಿ ಕೆಲಸದ ದಿನವಿರುವುದರಿಂದ ಒಂದು ರಜೆ ಉಳಿಸಿಟ್ಟುಕೊಳ್ಳಿ, ಪ್ರವೇಶಕ್ಕೆ ಗುರುತಿನ ಚೀಟಿ ಜೊತೆಗಿರಲಿ.